ಬ್ಯಾಡಗಿಯ ಬಿಳಿ ರಾಕೆಟ್

ನೀಲಿ, ಎಂಥ ನೀಲಿ ಇದು, ಮುಂದೆ ಹೋಗುತ್ತಿರುವ ಲಾರಿಗೆ ಹೊದಿಸಿದ ತಾಡಪತ್ರಿ ಇಷ್ಟು ನೀಲಿ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ, ಮೊನ್ನೆಯವರೆಗೂ ನನ್ನ ಪಾಲಿಗೆ ಲೋಕದ ತಾಡಪತ್ರಿಗಳೆಲ್ಲ ಬೂದಿಬಣ್ಣದವೇ — ಬಲಗಣ್ಣು ಮುಚ್ಚಿದರೆ ಬೂದಿ, ಎಡಗಣ್ಣು ಮುಚ್ಚಿದರೆ ನೀಲಿ, ಬೂದಿ, ನೀಲಿ, ಲಾರಿ ಒಂದೇ, ನೋಡುವ ಮನುಷ್ಯನೂ ಒಬ್ಬನೇ, ಕಣ್ಣು ಮಾತ್ರ ಎರಡು, ಬಲಗಣ್ಣಿನ ಪೊರೆ ರಾಣೆಬೆನ್ನೂರಿನಲ್ಲಿ ತೆಗೆದಿದ್ದಾರೆ, ಎಡಗಣ್ಣಿನದು ಮುಂದಿನ ತಿಂಗಳು. ಹಂಗ ಕಣ್ಣು ಹೊಡೀಬ್ಯಾಡ್ರಿ, ಎದುರಿನ ಸೀಟಿನ್ಯಾಕಿ ಏನರ ತಿಳ್ಕೊಂಡಾಳು ಎಂದು ಪುಷ್ಪಲತಾ ಮೊಣಕೈಯಿಂದ ತಿವಿಯುತ್ತಾಳೆ, ತಿವಿಯಲಿ, ಮದುವೆಯಾದಂದಿನಿಂದ ತಿವಿಯುತ್ತಲೇ ಬಂದಿದ್ದಾಳೆ, ಕರಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದಂತೆ ಮಾಡಿ ಮತ್ತೆ ಏರಿಸುತ್ತೇನೆ, ಬಸ್ಸು ಬೀಜದ ಕಂಪನಿಗಳ ಬೋರ್ಡುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತಿದೆ, ಟೊಮೆಟೊ ಕೆಂಪು, ಸೌತೆಕಾಯಿ ಹಸಿರು, ಯಾವನೋ ಬರೆದದ್ದು, ಅಕ್ಷರಗಳು ವಾಲಿವೆ, ಅಬ್ದುಲರಜಾಕ ಬರೆದಿದ್ದರೆ ವಾಲುತ್ತಿರಲಿಲ್ಲ — ಅವನ ಹೆಸರು ಯಾಕೆ ಬಂತು ಈಗ, ಬೇಡ. ಬೆಳಿಗ್ಗೆ ಡಾಕ್ಟರಮ್ಮ ತನ್ನ ಸೆರಗು ಹಿಡಿದು ಇದ್ಯಾವ ಬಣ್ಣ ಹೇಳ್ರಿ ಯಜಮಾನ್ರ ಎಂದಳು, ಗಿಣಿ ಹಸಿರು, ಆದ್ರ ನಾಕೈದು ಸಲ ಒಗದದ್ದು ಅಂದೆ, ನಕ್ಕಳು, ಬ್ಯಾಡಗಿ ಮೆಣಸಿನಕಾಯಿ ದಲಾಲರಿಗೆ ಬಣ್ಣ ಕೇಳಿದ್ದು ನಂದ ತಪ್ಪು ಎಂದಳು, ಆಮೇಲೆ ಎಡಗಣ್ಣಿಗೆ ಬೆಳಕು ಬಿಟ್ಟು ನೋಡುತ್ತ, ಮೂರ್ನಾಕು ವರ್ಷದ ಪೊರಿ ಐತಲ್ರಿ ಇದು, ಎರಡೂ ಕಣ್ಣಾಗ ಇಷ್ಟ ಬೆಳದಿತ್ತು, ಇಷ್ಟು ದಿನಾ ಬಣ್ಣ ಹೆಂಗ ನೋಡ್ತಿದ್ರಿ ಎಂದಳು. ನೀಲಿ ಹೋಗಿರಬಹುದು, ಒಪ್ಪಿದೆ, ಬ್ಯಾಡಗಿಯಲ್ಲಿ ನೀಲಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ, ಕೆಂಪು ಹೋಗಿಲ್ಲ, ಬಿಳಿ ಹೋಗಿಲ್ಲ, ಆ ಎರಡು ನನ್ನವು, ಇವತ್ತು ಮಾಳಿಗೆ ಹತ್ತಿ ಈ ಹೊಸ ಕಣ್ಣಿನಿಂದ ನನ್ನ ರಾಕೆಟ್ಟನ್ನು ನೋಡುತ್ತೇನೆ, ಅದು ಬೆಳ್ಳಗೇ ಇರುತ್ತದೆ, ಆಗ ಅಬ್ದುಲರಜಾಕನಿಗೆ ಮಾತಾಡಲು ಬಾಯಿ ಇರುವುದಿಲ್ಲ.

ಏಳೂವರೆ ಅಡಿ. ಮನುಷ್ಯರನ್ನು ಚಂದ್ರನಿಗೆ ಒಯ್ದ ಸ್ಯಾಟರ್ನ್ ಫೈವ್, ಅಸಲಿನ ನಲವತ್ತೆಂಟು ಅಡಿಗೆ ನನ್ನಲ್ಲಿ ಒಂದಡಿ, ಎಂಟಿಂಚಿನ ಪೈಪಿಗೆ ಡ್ರಾಯಿಂಗ್ ಹಾಳೆ ಸುತ್ತಿ ಸುತ್ತಿ ಸರಿಯಾದ ದಪ್ಪಕ್ಕೆ ತಂದದ್ದು, ಮೈಮೇಲಿನ ಸಣ್ಣ ಏಣುಗಳಿಗೆ ಪುಷ್ಪಲತಾಳ ಹೊಲಿಗೆ ದಾರವನ್ನು ಒಂದರ ಮಗ್ಗುಲಿಗೆ ಒಂದು ಅಂಟಿಸಿದ್ದು, ನನ್ನ ದಾರದ ಉಂಡಿ ಎಲ್ಲಿ ಹೋತ್ರಿ ಎಂದು ಆಕೆ ಕೇಳಿದರೆ ಚಂದ್ರನ ಕಡೆ ಹೊಂಟೈತಿ ಅನ್ನುತ್ತಿದ್ದೆ, ಬುಡದ ಐದು ಎಂಜಿನ್ನುಗಳನ್ನು ಒಂದು ಲಸ್ಸಿ ಗ್ಲಾಸಿನಲ್ಲಿ ಪ್ಲಾಸ್ಟರ್ ಎರೆದು ತೆಗೆದದ್ದು, ತಕ್ಕ ಆಕಾರದ ಗ್ಲಾಸು ಸಿಗುವವರೆಗೆ ಬಸ್ ಸ್ಟ್ಯಾಂಡಿನ ಲಸ್ಸಿ ಅಂಗಡಿಯ ಗ್ಲಾಸುಗಳನ್ನೆಲ್ಲ ಅಳೆದೆ, ಅಂಗಡಿಯವನು ನಾನು ಮುನಸಿಪಾಲ್ಟಿಯಿಂದ ತಪಾಸಣೆಗೆ ಬಂದೆನೆಂದು ಹೆದರಿ ಒಂದು ಗ್ಲಾಸು ಹೆಚ್ಚಿಗೆ ಕುಡಿಸಿದ. ನೆತ್ತಿಯ ಮೇಲಿನ ಜಾಲರಿ ಗೋಪುರವೊಂದೇ ಬಾಕಿ, ಊದಿನಕಡ್ಡಿಯ ಬಿದಿರನ್ನು ಸೀಳಿ ಮಾಡುವುದು, ಅದಕ್ಕೆ ಕೂತಾಗಲೇ ಕಡ್ಡಿಗಳು ಎರಡೆರಡಾಗಿ ಕಾಣತೊಡಗಿದ್ದು, ಇಲ್ಲವಾದರೆ ನಾನು ಯಾಕೆ ಡಾಕ್ಟರ ಹತ್ತಿರ ಹೋಗಲಿ, ಗೋಪುರಕ್ಕಾಗಿ ಹೋದೆ, ಬಣ್ಣಕ್ಕಾಗಿ ಅಲ್ಲ, ಇದನ್ನು ಯಾರಾದರೂ ಕೇಳಿದರೆ ಸ್ಪಷ್ಟವಾಗಿ ಹೇಳಬೇಕು. ಶಾಲೆಗೆ ಹೋಗುತ್ತಿದ್ದಾಗ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನಲ್ಲಿ ಇದರ ಚಿತ್ರವಿತ್ತು, ನಾನೂ ಅಬ್ದುಲರಜಾಕನೂ ಬಾಯಿ ತೆರೆದುಕೊಂಡು ನಿಂತು ನೋಡಿದ್ದೇವೆ, ಇದನ್ನ ಮಾಡೂಣಲೇ ವಿರೂಪಾ ಅಂದವನು ಅವನೇ, ಮೊದಲು ಮಾಡಿದ್ದು ರಷ್ಯಾದವರ ವೋಸ್ತೋಕ್, ಆಮೇಲೆ ನಮ್ಮದೇ ಎಸ್‌ಎಲ್‌ವಿ ಮೂರು, ಆಕಾರ ನನ್ನದು, ಅಕ್ಷರ ಅವನದು, ಅವನು ಬೋರ್ಡ್ ಬರೆಯುವುದನ್ನು ಕಸುಬು ಮಾಡಿಕೊಂಡ, ನಾನು ಅಪ್ಪನ ದಲಾಲಿ ಅಂಗಡಿಯಲ್ಲಿ ಕೂತೆ, ಪೇಟೆಯಿಲ್ಲದ ದಿನ ಮಾತ್ರ ಇಬ್ಬರೂ ಮಾಳಿಗೆಯಲ್ಲಿ, ಒಂದೊಂದು ರಾಕೆಟ್ಟಿಗೆ ವರ್ಷಗಟ್ಟಲೆ ಹಿಡಿಯಿತು. ದೊಡ್ಡದನ್ನು, ಕ್ಯಾಲೆಂಡರಿನದನ್ನು, ಕೊನೆಗೆಂದು ಇಟ್ಟುಕೊಂಡಿದ್ದೆವು.

ಬ್ಯಾಡಗಿಯಲ್ಲಿ ಬಿಳಿ ಬಣ್ಣ ಬಳಿಯುವುದು ಹುಡುಗಾಟವಲ್ಲ, ಹೊರಗಿನವರಿಗೆ ಇದು ತಿಳಿಯುವುದಿಲ್ಲ, ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲಗಳು ಬಂದು ಬೀಳತೊಡಗಿದರೆ ಗಾಳಿಯೇ ಕೆಂಪು, ಊರೆಲ್ಲ ಕೆಮ್ಮುತ್ತದೆ, ಬಿಳಿ ಅಂಗಿ ಮಧ್ಯಾಹ್ನದವರೆಗೂ ಬಿಳಿಯಾಗಿ ಉಳಿಯುವುದಿಲ್ಲ, ಹಸಿ ಬಣ್ಣಕ್ಕೆ ಆ ಧೂಳು ಕೂತರೆ ಅದು ಒಣಗಿ ಅಲ್ಲೇ ಸಂಸಾರ ಹೂಡುತ್ತದೆ. ಅದಕ್ಕೇ ನಮ್ಮದೊಂದು ಪದ್ಧತಿ, ಪೇಟೆ ಬಂದ್ ಇದ್ದಾಗ ಮಾತ್ರ ಬಿಳಿ, ಬಾಗಿಲಿಗೂ ಕಿಟಕಿಗೂ ಒದ್ದೆ ಸೀರೆ, ಸೀರೆ ಒಣಗಿದಂತೆಲ್ಲ ನೀರು ಚಿಮುಕಿಸುವುದು, ಬಣ್ಣ ಗಟ್ಟಿಯಾಗುವವರೆಗೆ ಯಾರೂ ಒಳಗೆ ಬರುವಂತಿಲ್ಲ. ಹೋದ ವರ್ಷದ ಹಿಂದಿನ ವರ್ಷ ನಾನು ಅಷ್ಟು ಕಾಯಲಿಲ್ಲ, ಪೇಟೆ ಜೋರಿತ್ತು, ಆದರೂ ಸೀರೆ ಕಟ್ಟಿದ್ದೆನಲ್ಲ, ಒದ್ದೆ ಸೀರೆ ಅಂದರೆ ಒದ್ದೆ ಸೀರೆ, ಅದಕ್ಕೇನು ಪೇಟೆಯ ವಾರ ಗೊತ್ತಾಗುತ್ತದೆಯೇ, ಗ್ಯಾರೇಜಿನಿಂದ ಬಣ್ಣ ಹೊಡೆಯುವ ಗನ್ನು ತಂದು ಒಬ್ಬನೇ ಹೊಡೆದೆ, ಹಾಲಿನಂತೆ ಬಂತು, ಅಕ್ಷರ ಬರೆಯಲು ಅಬ್ದುಲರಜಾಕ ಬಂದ, ಡಬ್ಬಿ ಕೆಳಗಿಟ್ಟ, ಬೀಡಿ ಹಚ್ಚಲಿಲ್ಲ, ಸುತ್ತು ಹಾಕಿ ನೋಡಿದ, ಮತ್ತೊಂದು ಸುತ್ತು, ವಿರೂಪಾ, ಇದು ಬಿಳಿ ಅಲ್ಲೋ, ಗುಲಾಬಿ ಆಗೇತಿ, ಮೆಣಸಿನಕಾಯಿ ಧೂಳಿ ಕುಂತೈತಿ, ಉಜ್ಜಿ ತಗದು ಮತ್ತ ಹೊಡಿಯೂಣು. ಗುಲಾಬಿಯಂತೆ. ನನಗೆ ಹೇಳುತ್ತಾನೆ. ರಾಶಿಯಲ್ಲಿ ಕೈ ಹಾಕಿ ಇದು ಈ ವರ್ಷದ್ದು, ಇದು ಹೋದ ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಕೂತದ್ದು ಎಂದು ಹೇಳುವವನು ನಾನು, ಕೆಂಪಿನಲ್ಲೇ ನನ್ನ ಅನ್ನ, ಪಾನಪಟ್ಟಿ ಅಂಗಡಿಗೆ ಬೋರ್ಡ್ ಬರಿಯಾಂವ ನನಗ ಬಣ್ಣ ಕಲಸ್ತೀಯೇನು ಅಂದುಬಿಟ್ಟೆ, ಅಂದದ್ದು ಅಂದೆ, ಅವನೂ ಸುಮ್ಮನಿರಲಿಲ್ಲ, ನಿನ್ನ ಕಣ್ಣು ತೋರಸ್ಕೋ ಹೋಗಲೇ ಎಂದು ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದು ಹೋದ. ಪುಷ್ಪಲತಾಳನ್ನು ಮೇಲೆ ಕರೆದು ಕೇಳಿದೆ, ನೀ ಹೇಳು, ಬೆಳ್ಳಗಿಲ್ಲ? ಐತ್ರಿ, ಬೆಳ್ಳಗ ಐತಿ, ಹಾಲು ಒಲಿ ಮ್ಯಾಲೆ ಇಟ್ಟೇನಿ ಎಂದು ಹೋದಳು. ಆಕೆ ಹೇಳಿದ್ದೇ ಹೇಳಿದ್ದು. ಕೆಂಪಕ್ಷರಗಳನ್ನು ನಾನೇ ಬರೆದೆ, ಕರಿ ಪಟ್ಟೆಗಳನ್ನೂ ನಾನೇ ಬಳಿದೆ, ಅಂದಿನಿಂದ ಚಹಾದಂಗಡಿಯಲ್ಲಿ ಅವನು ಒಂದು ಬಾಕಿನ ಮೇಲೆ ಕೂತರೆ ನಾನು ಇನ್ನೊಂದರ ಮೇಲೆ, ರಂಜಾನಿಗೆ ಅವನ ಹೆಂಡತಿ ದೌಲತಬಿ ಸುರಕುಂಬಾ ಕಳಿಸುತ್ತಾಳೆ, ಯುಗಾದಿಗೆ ನಮ್ಮ ಹೋಳಿಗೆ ಅದೇ ಡಬ್ಬಿಯಲ್ಲಿ ಹೋಗುತ್ತದೆ, ಹೆಂಗಸರ ಡಬ್ಬಿ ಓಡಾಡಿದ್ದನ್ನು ನಾವಿಬ್ಬರೂ ನೋಡದವರಂತೆ ಇರುತ್ತೇವೆ.

ಬೇಸರವಾಗುತ್ತದೆ, ಸುಳ್ಳು ಯಾಕೆ, ಅವನಿಲ್ಲದೆ ಮಾಳಿಗೆಯಲ್ಲಿ ಕೂತರೆ ಬೇಸರವಾಗುತ್ತದೆ, ಬೈಯಲು ಮನುಷ್ಯ ಬೇಕಲ್ಲ. ಆದರೆ ಮೊದಲು ಅವನು ತಪ್ಪಾಯಿತು ಅನ್ನಬೇಕು, ನಾನೇ ಹೋಗಿ ಅನ್ನಲು ನನಗೇನು ತಲೆ ಕೆಟ್ಟಿದೆಯೇ, ಬಿಳಿ ಬಿಳಿಯೇ. ಖರೀದಿದಾರರು ಈ ಎರಡು ಸುಗ್ಗಿಯಿಂದ ನನ್ನನ್ನು ಕರೆದು ರಾಶಿ ತೋರಿಸುವುದು ಕಡಿಮೆ ಮಾಡಿದ್ದಾರೆ, ಮಾಡಲಿ, ಈಗಿನವರಿಗೆ ಎಲ್ಲದಕ್ಕೂ ಮಷೀನು ಬೇಕು, ಮೊನ್ನೆ ಒಬ್ಬ ನನ್ನ ಎದುರಿಗೇ ಪಕ್ಕದ ಅಂಗಡಿಯವನಿಗೆ ಕಾಯಿ ತೋರಿಸಿ ಹೆಂಗೈತಿ ಬಣ್ಣ ಎಂದ, ನಾನು ಪೇಪರು ಓದುತ್ತಿದ್ದೆ, ಓದುತ್ತಿದ್ದಂತೆ ಹಿಡಿದಿದ್ದೆ, ಕೇಳಿಸದವನಂತೆ. ಕದರಮಂಡಲಗಿ ಬಂತು, ಪುಷ್ಪಲತಾ ಎದ್ದು ನಿಂತು ಕಿಟಕಿಯಿಂದಲೇ ಹನುಮಪ್ಪನಿಗೆ ಕೈ ಮುಗಿಯುತ್ತಾಳೆ, ತುಟಿ ಅಲುಗುತ್ತಿದೆ, ಎಷ್ಟು ಹೊತ್ತು ಬೇಡುತ್ತಾಳೆ ಈಕೆ, ಒಂದು ಕಣ್ಣಿಗೆ ಇಷ್ಟು ಹೊತ್ತು ಬೇಕೇ, ಏನ ಬೇಡ್ಕೊಂಡಿ ಅಂದರೆ ನಿಮಗ್ಯಾಕ್ರಿ ಅನ್ನುತ್ತಾಳೆ. ಈ ಸಲ ಈಕೆಯ ರೀತಿಯೇ ಬೇರೆ, ಆಪರೇಷನ್ ಮುಗಿದ ಮರುದಿನವೇ ಹೊರಡೋಣವೆಂದರೆ ಬ್ಯಾಡ್ರಿ, ಅಕ್ಕಾ ಬೇಜಾರ ಮಾಡ್ಕೋತಾಳ, ಇನ್ನೂ ಒಂದೆರಡ ದಿನಾ ಇರೂಣು ಎಂದು ರಾಣೆಬೆನ್ನೂರಿನ ತನ್ನ ಅಕ್ಕನ ಮನೆಯಲ್ಲಿ ಕೂರಿಸಿದಳು, ಅಕ್ಕನೋ ಬೇಜಾರಿಲ್ಲದೆ ದಿನವಿಡೀ ಧಾರಾವಾಹಿ ನೋಡುತ್ತಿದ್ದಳು, ಈಕೆ ಫೋನು ಹಿಡಿದು ಹಿತ್ತಲಿಗೆ ಹೋಗುವುದು, ಒಣಗೈತೇನ್ರಿ ಪೂರಾ, ಇನ್ನೂ ಹಸಿ ಐತೇನು, ಹಂಗಾರ ನಾಳೆ ಬರೂದಿಲ್ಲ ಬಿಡ್ರಿ ಅನ್ನುವುದು, ಸಂಡಿಗೆಯ ಚಿಂತೆ ಇರಬೇಕು, ಹೊರಡುವ ಮುಂಚೆ ಮನೆಯ ಕೀಲಿಯನ್ನು ದೌಲತಬಿಗೆ ಕೊಟ್ಟು ಬಂದಿದ್ದಳು, ಇಬ್ಬರೂ ಸೇರಿ ಹಾಕಿರುತ್ತಾರೆ, ನನ್ನ ಕಣ್ಣು ಕತ್ತರಿಸುತ್ತಿರುವಾಗ ಈಕೆಗೆ ಸಂಡಿಗೆ. ಹೆಂಗಸರ ತಲೆ ಹೇಗೆ ಓಡುತ್ತದೆಂದು ಕೇಳುವ ಗೋಜಿಗೆ ನಾನು ಹೋಗುವುದಿಲ್ಲ.

ಬ್ಯಾಡಗಿ. ಯಾರೂ ಕೆಮ್ಮುತ್ತಿಲ್ಲ. ಹೌದಲ್ಲ, ಹಬ್ಬಕ್ಕೆಂದು ಪೇಟೆ ಬಂದ್ ಇದೆ, ನಾಲ್ಕೈದು ದಿನದಿಂದ ತಕ್ಕಡಿ ಎದ್ದಿಲ್ಲ, ಗಾಳಿ ತಿಳಿಯಾಗಿದೆ, ಆದರೂ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಮುದುಕಿಯೊಬ್ಬಳು ಹರವಿಕೊಂಡ ಒಂದು ಮೊರ ಕಾಯಿ, ಹೊಸ ಕಣ್ಣಿಗೆ ಅದು — ಅಬ್ಬಾ, ನಿಲ್ಲು, ಆ ಕೆಂಪಿನ ಒಳಗೆ ಇನ್ನೂ ಒಂದು ಕೆಂಪಿದೆ, ಸುಕ್ಕುಗಳ ಮಡಿಕೆಯಲ್ಲಿ ಕಪ್ಪಿಗೆ ತಿರುಗುವ ಕೆಂಪು, ತುದಿಯಲ್ಲಿ ಕಿತ್ತಳೆಯ ಸುಳಿವು, ಇದನ್ನು ನಾನು ಎಷ್ಟು ದಿನದಿಂದ ನೋಡಿಲ್ಲ, ಇದೇ ಅಲ್ಲವೇ ನನ್ನ ಕಸುಬು, ಬಲಗಣ್ಣು ಮುಚ್ಚಿದರೆ ಮೊರದ ತುಂಬ ಒಂದೇ ಕಂದು, ಮುಚ್ಚುವುದು ಬೇಡ, ತೆರೆದೇ ಇರಲಿ. ಯಾಕ್ರೀ, ನಿಂತ್ರಿ ಎಂದು ಪುಷ್ಪಲತಾ ತೋಳು ಹಿಡಿಯುತ್ತಾಳೆ, ಏನಿಲ್ಲ, ನಡಿ ಅನ್ನುತ್ತೇನೆ, ಕಾಲು ಯಾಕೋ ಲಗುಬಗೆ ಮಾಡುತ್ತಿವೆ, ಕೆಂಪು ಹೋಗಿತ್ತೆಂದರೆ ಬಿಳಿಯೂ — ಇಲ್ಲ, ಬಿಳಿಗೆ ಏನು ಕಣ್ಣು ಬೇಕು, ಕುರುಡನೂ ಬಿಳಿಯನ್ನು ಹೇಳುತ್ತಾನೆ. ಚಹಾದಂಗಡಿ ದಾಟುವಾಗ ಕಳ್ಳಗಣ್ಣಿನಿಂದ ನೋಡಿದೆ, ಅವನ ಬಾಕು ಖಾಲಿ, ನಾಲ್ಕು ದಿನಾ ಆತು ಆಸಾಮಿ ಈ ಕಡೆ ಸುಳಿದಿಲ್ರಿ ಎಂದು ಕೇಳದಿದ್ದರೂ ಅಂಗಡಿಯವನು ಹೇಳಿದ, ನಾನು ಕೇಳಿದೆನೇ, ಎಲ್ಲಿಗಾದರೂ ಹೋಗಿರಲಿ, ನನಗೇನು. ಮನೆ, ಮೆಟ್ಟಿಲು, ಕೀಲಿ ಬಾಗಿಲಲ್ಲೇ ಇದೆ, ದೌಲತಬಿ ಅಂಗಳ ಗುಡಿಸಿ ಹೋಗಿದ್ದಾಳೆ, ಸಂಡಿಗೆ ಎಲ್ಲೂ ಕಾಣುವುದಿಲ್ಲ. ಹನಿ ಹಾಕೊಳ್ಳೂ ವ್ಯಾಳ್ಯಾ ಆತು, ಆಮ್ಯಾಲೆ ಹತ್ತೀರಂತ, ಕುಂದ್ರಿ ಎಂದಳು ಪುಷ್ಪಲತಾ, ಆಮೇಲೆ ಎನ್ನುವುದು ನನ್ನಿಂದಾಗದು, ಹತ್ತುತ್ತೇನೆ.

ಮಾಳಿಗೆಯ ಬಾಗಿಲಿಗೆ ಪುಷ್ಪಲತಾಳ ಹಳೇ ಸೀರೆ ಇಳಿಬಿಟ್ಟಿದೆ, ತುದಿ ಇನ್ನೂ ತಣ್ಣಗಿದೆ, ಮಳೆಯಿಲ್ಲ ಮಂಜಿಲ್ಲ, ಒಳಗೆ ಯಾರು ಬಟ್ಟೆ ಒಣಗಿಸುತ್ತಾರೆ, ಸರಿಸುತ್ತೇನೆ, ಟರ್ಪೆಂಟೈನಿನ ವಾಸನೆ, ಕಿಟಕಿಯ ಬೆಳಕು — ಬಿಳಿ. ಬಿಳಿ, ಬಿಳಿ, ಬಿಳಿ. ಬುಡದಿಂದ ನೆತ್ತಿಯವರೆಗೆ ಬಿಳಿ, ಸುಣ್ಣದ ಬಿಳಿಯಲ್ಲ, ಹಾಲಿನ ಬಿಳಿಯಲ್ಲ, ಕ್ಯಾಲೆಂಡರಿನ ಬಿಳಿ, ಅದರ ಮೇಲೆ ಕರಿ ಪಟ್ಟೆಗಳು ಕತ್ತರಿಸಿ ಇಟ್ಟಷ್ಟು ಖಡಕ್ಕು, ನೋಡಿದಿಯೇನಲೇ ಅಬ್ದುಲ, ನೋಡಿದಿಯೇನಲೇ, ನಾನು ಒಬ್ಬನೇ ನಿಂತು ಕೂಗಿದೆ ಖರೇ, ಕೆಳಗಿನಿಂದ ಪುಷ್ಪಲತಾ ಏನಾತ್ರಿ ಎಂದಳು, ಬೆಳ್ಳಗ ಐತಿ, ಬೆಳ್ಳಗ ಐತಿ! ಈಗಿಂದೀಗಲೇ ಹೋಗಿ ಅವನ ಮನೆ ಬಾಗಿಲು ಬಡಿಯಬೇಕು, ಕೈ ಹಿಡಿದು ಎಳೆದು ತಂದು ಇಲ್ಲಿ ನಿಲ್ಲಿಸಬೇಕು, ಹೇಳು ಈಗ, ಎಲ್ಲೈತೋ ಗುಲಾಬಿ, ಆಮೇಲೆ ನಕ್ಕು ಬಿಡುತ್ತೇನೆ, ಇಬ್ಬರೂ ಕೂತು ಗೋಪುರ ಮಾಡುತ್ತೇವೆ, ನಾನು ಕಡ್ಡಿ ಸೀಳುತ್ತೇನೆ, ಅವನು ಹಿಡಿಯಲಿ, ದೊಡ್ಡ ಮನಸ್ಸು ಮಾಡಲು ನನಗೆ ಬರುತ್ತದೆ. ಸುತ್ತು ಹಾಕುತ್ತೇನೆ, ಮೇಲಿಂದ ಕೆಳಗೆ ಕೆಂಪಕ್ಷರಗಳು, ಎಷ್ಟು ನೆಟ್ಟಗಿವೆ, ನಾನು ಬರೆದಾಗ ಕೈ ಸ್ವಲ್ಪ ನಡುಗಿತ್ತಲ್ಲ, ಎರಡನೆಯ ಅಕ್ಷರದ ಹೊಟ್ಟೆ ಒಂಚೂರು ಡೊಂಕು ಬಂದಿತ್ತು, ಈಗ ಡೊಂಕಿಲ್ಲ, ಅಕ್ಷರದ ಹೊಟ್ಟೆ ತಾನಾಗಿ ನೆಟ್ಟಗಾಗುತ್ತದೆಯೇ, ಮೂಗು ಹತ್ತಿರ ಒಯ್ಯುತ್ತೇನೆ, ವಾಸನೆ ಇಲ್ಲಿಂದಲೇ. ಬ್ಯಾಡ, ಈಗ ಯೋಚನೆ ಬ್ಯಾಡ, ಬುಡ ನೋಡೋಣ, ರಾಕೆಟ್ಟು ಮಾಡುವವನು ಬುಡ ನೋಡುತ್ತಾನೆ, ನೋಡಲು ಬಂದವರ್ಯಾರೂ ಬಗ್ಗುವುದಿಲ್ಲ, ಬಗ್ಗುತ್ತೇನೆ, ಬಗ್ಗಬಾರದೆಂದಿದ್ದಾರೆ, ಹಾಗಾದರೆ ಮಲಗುತ್ತೇನೆ, ನೆಲದ ಮೇಲೆ ಅಂಗಾತ ಮಲಗಿ ತಲೆಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ ಎಂಜಿನ್ನುಗಳ ಕೆಳಗೆ ಜಾರಿಸುತ್ತೇನೆ.

ಐದು ಲಸ್ಸಿ ಗ್ಲಾಸುಗಳ ಹಿಂದೆ, ಬುಡದ ಒಳ ಅಂಚಿನಲ್ಲಿ ಒಂದು ಪಟ್ಟಿ, ಗುಲಾಬಿ. ಸುತ್ತಲೂ ಬಿಳಿ, ನಡುವೆ ಗುಲಾಬಿ, ಮಗುವಿನ ಹಿಮ್ಮಡಿಯಷ್ಟು ಗುಲಾಬಿ, ಅದರ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ, ಧೂಳು, ನಮ್ಮ ಪೇಟೆಯದೇ ಧೂಳು, ನಾನು ಬಳಿದದ್ದು ಇದು, ಇಡೀ ಏಳೂವರೆ ಅಡಿ ಹೀಗಿತ್ತು, ನಾನು ಎದೆ ಸೆಟೆಸಿ ಜನರನ್ನು ಕರೆದು ತೋರಿಸಿದ್ದು ಇದನ್ನು, ಜನ ಭಾಳ ಚಂದ ಐತ್ರಿ ಎಂದು ನೆಲ ನೋಡಿಕೊಂಡು ಹೋಗಿದ್ದು ಇದಕ್ಕೆ. ಬಲಗಣ್ಣು ಮುಚ್ಚುತ್ತೇನೆ, ಪಟ್ಟಿ ಇಲ್ಲ, ಎಲ್ಲ ಒಂದೇ. ತೆರೆಯುತ್ತೇನೆ, ಪಟ್ಟಿ. ಅಬ್ದುಲ ಉಜ್ಜಿ ತೆಗೆದು ಮತ್ತೆ ಹೊಡೆದಿದ್ದಾನೆ, ನಾನು ಆಸ್ಪತ್ರೆಯಲ್ಲಿದ್ದಾಗ, ಪೇಟೆ ಬಂದ್ ಇರುವುದನ್ನು ನೋಡಿಕೊಂಡು, ಸೀರೆಗೆ ನೀರು ಚಿಮುಕಿಸುತ್ತ, ನಾಲ್ಕು ದಿನ ಚಹಾ ಬಿಟ್ಟು, ಈ ವಯಸ್ಸಿನಲ್ಲಿ ಆ ಮೆಟ್ಟಿಲು ಹತ್ತಿ, ಇದೊಂದು ಮೂಲೆಗೆ ಕುಂಚ ಮುಟ್ಟಿಲ್ಲ ಪಾಪ — ಮುಟ್ಟದೇ ಏನು, ಅಕ್ಕಿ ಕಾಳಿನ ಮೇಲೆ ಹೆಸರು ಬರೆಯುವ ಕುಂಚವಿದೆ ಅವನ ಹತ್ತಿರ, ಮುಟ್ಟದ ಮೂಲೆ ಯಾವುದು, ಇನ್ನೂ ಹತ್ತಿರ ಜಾರುತ್ತೇನೆ, ಪಟ್ಟಿಯ ಎರಡೂ ಅಂಚು ನೆಟ್ಟಗಿವೆ, ಟೇಪು ಹಚ್ಚಿ ಬಳಿದು ಆಮೇಲೆ ಟೇಪು ಕಿತ್ತ ಅಂಚು, ಬೇಕೆಂದೇ ಬಿಟ್ಟದ್ದು. ಪುಷ್ಪಲತಾಳ ಪಾದಗಳು ಬಾಗಿಲಲ್ಲಿ ಬಂದು ನಿಂತಿವೆ, ಕೈಯಲ್ಲಿ ಹನಿಯ ಬಾಟಲಿ ಇರಬೇಕು, ಮೆಲ್ಲಗೆ ಅನ್ನುತ್ತಾಳೆ, ಅಬ್ದುಲಣ್ಣಾರು ನಿಮಗ ಹೇಳಬ್ಯಾಡಾ ಅಂದಿದ್ರು, ಅವಂಗ ಕಣ್ಣು ಖರೇ ಬಂದಿದ್ರ ಆ ಪಟ್ಟಿ ತಾನ ನೋಡ್ತಾನ, ಬಂದಿಲ್ಲಂದ್ರ ಬೆಳ್ಳಗ ಐತಿ ಅಂತ ಖುಷಿಲೆ ಇರಲಿ ಬಿಡು ಅಂದ್ರು. ಕಣ್ಣಿಗೆ ನೀರು ತಾಗಬಾರದೆಂದಿದ್ದಾರೆ, ಹೊಸ ಕಣ್ಣು, ತಾಗುತ್ತಿದೆ, ಏನು ಮಾಡಲಿ, ಬಿಳಿಯೆಲ್ಲ ಕಲಸಿ ಹೋಗುತ್ತಿದೆ, ಒರೆಸುವಂತಿಲ್ಲ, ಬಲಗಣ್ಣು ಮುಚ್ಚುತ್ತೇನೆ, ಇಲ್ಲ, ತೆರೆಯುತ್ತೇನೆ, ಗುಲಾಬಿ, ಮುಚ್ಚುತ್ತೇನೆ, ಇಲ್ಲ, ತೆರೆಯುತ್ತೇನೆ, ಗುಲಾಬಿ ಪಟ್ಟಿ, ಎರಡೂ ಅಂಚು ನೆಟ್ಟಗೆ, ಗುಲಾಬಿ —